ಕಾರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಆ್ಯಪ್‌ನಲ್ಲಿ ಮೊದಲ ಪರದೆ ಹೇಗಿರಬೇಕು?

ಬಳ್ಳಾರಿಯಲ್ಲಿ ಅಪ್ಪನ ಕಾರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ, ಅದಕ್ಕೊಂದು ಶಾಪಿಂಗ್ ಆ್ಯಪ್ ಮಾಡ್ತಿದ್ದೀನಿ, ಮೊದಲ ಪರದೆಯಲ್ಲಿ ಆಫರ್ ಬ್ಯಾನರ್ ಹಾಕಲೋ ಕೆಟಗರಿ ಹಾಕಲೋ ಅಂತ ಕೇಳಿದ್ದೀರಿ. ಎರಡೂ ಬೇಡ. "ಯಾವ ಗಾಡಿ?" ಅಂತ ಕೇಳಿ. ನಿಮ್ಮ ಅಪ್ಪ ಕೌಂಟರಿನಲ್ಲಿ ಮೊದಲು ಕೇಳುವುದೂ ಅದನ್ನೇ ತಾನೆ?

ಇದೇ ಊರಿನ ಒಂದು ಅಂಗಡಿಗೆ ಇಂಥದ್ದು ಮಾಡಿ ಕೈ ಸುಟ್ಟುಕೊಂಡವನು ನಾನು. ಬಟ್ಟೆ ಮಾರುವ ಆ್ಯಪ್‌ಗಳನ್ನು ನೋಡಿ ಹಾಗೇ ಕಟ್ಟಿದ್ದೆ. ದೊಡ್ಡ ದೊಡ್ಡ ಫೋಟೊ, ಹೊಳೆಯುವ ಬಣ್ಣ. ಚೆಂದ ಇತ್ತು. ಆದರೆ ಹೋದ ಮಾಲು ವಾಪಸ್ ಬರತೊಡಗಿತು. ಸ್ವಿಫ್ಟ್‌ದು ಅಂತ ಬರೆದಿದ್ದ ಬ್ರೇಕ್ ಪ್ಯಾಡ್ ಗಿರಾಕಿಯ ಸ್ವಿಫ್ಟ್‌ಗೇ ಕೂರಲಿಲ್ಲ. ನಮ್ಮಲ್ಲಿ ಸ್ವಿಫ್ಟ್ ಬಂದದ್ದು 2005ರಲ್ಲಿ. ಆಮೇಲೆ 2011, 2018, 2024ರಲ್ಲಿ ಗಾಡಿಯೇ ಬದಲಾಯಿತು, ಹೆಸರು ಮಾತ್ರ ಉಳಿಯಿತು. ಅಂಗಿ ಬಿಗಿಯಾದರೆ ತಮ್ಮನಿಗೆ ಕೊಡಬಹುದು. ಬ್ರೇಕ್ ಪ್ಯಾಡ್ ಯಾರಿಗೆ ಕೊಡ್ತೀರಿ?

ಹಾಗಾಗಿ ಕಂಪನಿ, ಮಾಡೆಲ್, ಪೆಟ್ರೋಲೋ ಡೀಸೆಲ್ಲೋ, ವರ್ಷ ಇಷ್ಟನ್ನು ಮೊದಲೇ ಕೇಳಿ, ಆ ಗಾಡಿಗೆ ಕೂರುವ ಪಾರ್ಟ್ ಮಾತ್ರ ತೋರಿಸಿ. ವರ್ಷ ಕೇಳುವಾಗ ಹುಷಾರು. ಜನ ಗಾಡಿ ಕೊಂಡ ವರ್ಷ ಹೇಳ್ತಾರೆ, ನಮಗೆ ಬೇಕಿರುವುದು ತಯಾರಾದ ತಿಂಗಳು ಮತ್ತು ವರ್ಷ. ಅದು ಆರ್‌ಸಿಯಲ್ಲೇ ಇರುತ್ತದೆ; ಎಲ್ಲಿ ನೋಡಬೇಕು ಅಂತ ಒಂದು ಚಿತ್ರ ಹಾಕಿಬಿಡಿ. 2020ರ ಏಪ್ರಿಲ್ 1ರಿಂದ ಗಾಡಿ ಹೊಗೆಯ ಹೊಸ ನಿಯಮ ಬಿಎಸ್6 ಬಂದದ್ದರಿಂದ ಆ ವರ್ಷದ ಆಸುಪಾಸಿನ ಗಾಡಿಗೆ ಬಿಎಸ್4ಓ ಬಿಎಸ್6ಓ ಅಂತ ಬೇರೆಯಾಗಿ ಕೇಳಲೇಬೇಕು. ಸೈಲೆನ್ಸರ್, ಸೆನ್ಸರ್ ವಿಷಯದಲ್ಲಿ ಇಲ್ಲಿ ಎಡವಿದರೆ ದುಡ್ಡು ಹೋದಂತೆ.

ಚಾಸಿ ನಂಬರ್ ಹಾಕಲೂ ಜಾಗ ಕೊಡಿ. ಅದರಲ್ಲಿ 17 ಅಕ್ಷರ-ಅಂಕಿ ಇರುತ್ತವೆ, ಐ, ಓ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರ ಬರುವುದೇ ಇಲ್ಲ. ಯಾರಾದರೂ ಓ ಒತ್ತಿದರೆ ಸೊನ್ನೆ, ಐ ಒತ್ತಿದರೆ ಒಂದು ಅಂತ ಆ್ಯಪೇ ತಿದ್ದಿಕೊಳ್ಳಲಿ. ನಂಬರ್ ಸಿಕ್ಕಿತು ಅಂತ ಪಾರ್ಟ್ ತಾನಾಗಿ ಬಂದು ನಿಲ್ಲುವುದಿಲ್ಲ, ಹಿಂದೆ ಸರಿಯಾದ ಕ್ಯಾಟಲಾಗ್ ಬೇಕು. ಕ್ಯಾಟಲಾಗ್ ಇಲ್ಲದಿದ್ದರೂ ಅಪ್ಪ ಆ ನಂಬರ್ ನೋಡಿ ಖಾತ್ರಿ ಮಾಡಿಕೊಳ್ಳಬಹುದಲ್ಲ.

ಇನ್ನೊಂದು, ನಿಮ್ಮ ನಿಜವಾದ ಗಿರಾಕಿ ಕಾರಿನ ಮಾಲೀಕ ಅಲ್ಲ, ಮೆಕ್ಯಾನಿಕ್. ಅವನು ಆಲ್ಟರ್ನೇಟರ್ ಅಂತ ಹುಡುಕುವುದಿಲ್ಲ, ಡೈನಮೋ ಅಂತಾನೆ. ಸ್ಟಾರ್ಟರ್ ಮೋಟರ್ ಅವನಿಗೆ ಸೆಲ್ಫು. ಕನ್ನಡದಲ್ಲಿ ಬರೆದರೂ ಇಂಗ್ಲಿಷ್‌ನಲ್ಲಿ ತಪ್ಪುತಪ್ಪಾಗಿ ಬರೆದರೂ ಸಿಗಬೇಕು. ಒಂದು ವಾರ ಕೌಂಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಬಂದವರ ಬಾಯಿಂದ ಬಂದ ಹೆಸರನ್ನೆಲ್ಲ ಬರೆದುಕೊಳ್ಳಿ. ನಾನು ಅದನ್ನು ಕೊನೆಗೆ ಮಾಡಿದೆ, ಮೊದಲೇ ಮಾಡಬೇಕಿತ್ತು.

ಎಡ ಬಲದ ಗೊಂದಲವಂತೂ ಹೇಳತೀರದು. ಪಾರ್ಟಿನ ಡಬ್ಬದ ಮೇಲೆ ಎಡ, ಬಲ ಅಂದರೆ ಸೀಟಿನಲ್ಲಿ ಕೂತವನ ಲೆಕ್ಕ. ಗಾಡಿ ಎದುರು ನಿಂತು ನೋಡುವವನಿಗೆ ಅದು ಉಲ್ಟಾ. ಹೆಡ್‌ಲೈಟು, ಕನ್ನಡಿ ಎಲ್ಲ ಹೀಗೇ ಅದಲುಬದಲಾಗಿ ಹೋಗುತ್ತಿದ್ದವು. ಒಬ್ಬ ಮೇಸ್ತ್ರಿ, "ಅಣ್ಣಾ, ಡ್ರೈವರ್ ಸೈಡು, ಕ್ಲೀನರ್ ಸೈಡು ಅಂತ ಹಾಕು, ಯಾರಿಗಾದ್ರೂ ತಿಳೀತೈತೆ" ಅಂದ. ಹಾಕಿದೆ. ಆ ತಪ್ಪು ಮತ್ತೆ ಬರಲಿಲ್ಲ.

ಮೆಕ್ಯಾನಿಕ್ ಕೈಯಲ್ಲಿ ಒಂದೇ ದಿನ ನಾಲ್ಕೈದು ಗಾಡಿ ಇರುತ್ತವೆ. ಒಂದೊಂದನ್ನೂ ಉಳಿಸಿಟ್ಟುಕೊಳ್ಳಲು ಅವಕಾಶ ಕೊಡಿ, ಬರೀ ಕೆಎ 34 ನಂಬರಿನಿಂದಲ್ಲ, "ಸಿರುಗುಪ್ಪ ಮೇಷ್ಟ್ರ ಆಲ್ಟೊ" ಅಂತ ಅವನಿಗೆ ತೋಚಿದ ಹೆಸರಿನಿಂದ. ಗ್ರೀಸ್ ಮೆತ್ತಿದ ಬೆರಳಿಗೆ ಬಟನ್ ದೊಡ್ಡದಿರಲಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಕಪ್ಪು ಹಿನ್ನೆಲೆಯ ಪರದೆ ಏನೂ ಕಾಣುವುದಿಲ್ಲ, ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರವೇ ವಾಸಿ.

ಬೆಲೆ ತೋರಿಸುವಾಗ ಗಾಡಿ ಕಂಪನಿಯ ಡಬ್ಬದ್ದು, ಬೇರೆ ಬ್ರ್ಯಾಂಡಿನದು ಎರಡನ್ನೂ ಅಕ್ಕಪಕ್ಕ ಇಡಿ. ಎರಡನೆಯದನ್ನು ಮುಚ್ಚಿಟ್ಟರೆ ಗಿರಾಕಿ ಪಕ್ಕದಂಗಡಿಗೆ ಹೋಗಿ ಕೇಳ್ತಾನೆ, ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಹಳೇ ಪಟ್ಟಿಯಿಂದ ಬೆಲೆ ಎತ್ತಿ ಹಾಕುತ್ತಿದ್ದರೆ ಒಮ್ಮೆ ನೋಡಿಕೊಳ್ಳಿ.

ಪೇಮೆಂಟ್‌ಗೆ ಯುಪಿಐ ಸಾಕು ಅಂದುಕೊಂಡಿದ್ದೆ. ಗ್ಯಾರೇಜಿನವರು ಕೇಳಿದ್ದು ಉದ್ರಿ. ಅಪ್ಪನ ಹತ್ತಿರ ಒಂದು ಉದ್ರಿ ಪುಸ್ತಕ ಇದ್ದೇ ಇರುತ್ತದೆ. ಯಾರಿಗೆ ಎಷ್ಟರವರೆಗೆ ಅನ್ನುವುದು ಅದರಲ್ಲಿರುತ್ತದೆ, ಇಲ್ಲವೇ ಅವರ ತಲೆಯಲ್ಲಿ. ಅದನ್ನು ಆ್ಯಪ್‌ಗೆ ತರುವ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿ. ನನಗೆ ಅತಿ ಹೆಚ್ಚು ಬೈಗುಳ ಬಿದ್ದದ್ದು ಈ ಒಂದು ಪರದೆಗೆ.

ಕೊನೆಗೂ ಪಾರ್ಟ್ ಯಾವುದಂತ ತಿಳಿಯದವರಿಗೆ "ಹಳೇ ಪಾರ್ಟಿನ ಫೋಟೊ ಕಳಿಸಿ" ಅನ್ನುವ ಬಟನ್ ಇಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಮೇಲೆ ಕೆತ್ತಿದ ನಂಬರ್ ಕಾಣುವಂತೆ ಒರೆಸಿ ಫೋಟೊ ತೆಗೆಯಲು ಹೇಳಿ. ಉತ್ತರ ಅಪ್ಪನೇ ಕೊಡಲಿ.