ಓಹಾಯೋದ ಜಿಂಕೆ ಬೇಟೆಗೆ .350 ಲೆಜೆಂಡ್, .450 ಬುಷ್‌ಮಾಸ್ಟರ್, .45-70: ಯಾವ ತೋಟಾ ಆರಿಸಬೇಕು?

ನೀವು ಓಹಾಯೋದಲ್ಲಿ ನೆಲೆಸಿದ್ದು, ಬರುವ ಗನ್ ಸೀಸನ್ನಿನಲ್ಲಿ ಸಹೋದ್ಯೋಗಿಯೊಬ್ಬರ ಜಮೀನಿನಲ್ಲಿ ಮೊದಲ ಬಾರಿಗೆ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗಲಿದ್ದೀರಿ ಎಂದು ಬರೆದಿದ್ದೀರಿ. ಅಂಗಡಿಯವರು .450 ಬುಷ್‌ಮಾಸ್ಟರ್ ಕೊಳ್ಳಿ ಎನ್ನುತ್ತಾರೆ, ಸಹೋದ್ಯೋಗಿ .45-70ಕ್ಕೆ ಸಾಟಿಯಿಲ್ಲ ಎನ್ನುತ್ತಾರೆ, ಅಂತರ್ಜಾಲದಲ್ಲಿ ಹುಡುಕಿದರೆ .350 ಲೆಜೆಂಡ್ ಸಾಕು ಎನ್ನುವವರೇ ಹೆಚ್ಚು ಸಿಗುತ್ತಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ. ಈ ರಾಜ್ಯದಲ್ಲಿ ಹಲವು ವರ್ಷಗಳಿಂದ ಬೇಟೆಯಾಡುತ್ತಿರುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ರೈಫಲ್ಲನ್ನೇ ಹಿಡಿಯದವರು .350 ಲೆಜೆಂಡ್‌ನ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿನ ನಂತರ ಹಿಡಿಕೆಯನ್ನು ಕೈಯಿಂದ ಎಳೆದು ಮುಂದಿನ ತೋಟಾ ತುಂಬುವ) ರೈಫಲ್ಲಿನಿಂದ ಆರಂಭಿಸಿ, ಮೊದಲ ವರ್ಷ 150 ಗಜಕ್ಕಿಂತ ದೂರದ ಜಿಂಕೆಗೆ ಗುಂಡು ಹಾರಿಸದಿರುವುದು ಒಳ್ಳೆಯದು. ಉಳಿದ ತೋಟಾಗಳು ಕೆಟ್ಟವೆಂದು ಈ ಮಾತನ್ನು ಹೇಳುತ್ತಿಲ್ಲ. ಯಾವುದು ಎಲ್ಲಿ ಮೇಲು, ಎಲ್ಲಿ ಹೊರೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಅದಕ್ಕೂ ಮೊದಲು ಕಾನೂನಿನ ಒಂದು ಮಾತು, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿರುವುದಿಲ್ಲ. ನೀವು ಎಚ್-1ಬಿಯಂತಹ ವಲಸೆಯೇತರ ವೀಸಾದ ಮೇಲೆ ಇದ್ದರೆ, ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದು ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ನಿಮ್ಮಲ್ಲಿದ್ದರೆ ಮಾತ್ರ ಅದಕ್ಕೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ, ಸಹೋದ್ಯೋಗಿಯ ರೈಫಲ್ಲನ್ನು ಅಭ್ಯಾಸಕ್ಕೆಂದು ಕೈಗೆ ತೆಗೆದುಕೊಳ್ಳುವ ಮುನ್ನವೂ, ಪರವಾನಗಿ ನಿಮ್ಮ ಕಿಸೆಯಲ್ಲಿರಲಿ. ಅನುಮಾನವಿದ್ದರೆ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ. ಇಂತಹ ತಪ್ಪು ವೀಸಾಕ್ಕೇ ಕುತ್ತು ತರಬಲ್ಲದು.

ಇನ್ನು ತೋಟಾಗಳ ವಿಚಾರ. ನೀವು ಹೆಸರಿಸಿದ ಮೂರೂ ಸ್ಟ್ರೇಟ್-ವಾಲ್ ಎಂಬ ಬಗೆಯವು. ಸಾಮಾನ್ಯ ರೈಫಲ್ ತೋಟಾದ ಹಿತ್ತಾಳೆಯ ಕೋಶವು ಬುಡದಲ್ಲಿ ದಪ್ಪಗಿದ್ದು, ಗುಂಡಿನ ಹತ್ತಿರ ಭುಜದಂತೆ ತಟ್ಟನೆ ಕಿರಿದಾಗಿ ಕುತ್ತಿಗೆಯಾಗುತ್ತದೆ. ಅದರಲ್ಲಿ ಹೆಚ್ಚು ಮದ್ದು ಹಿಡಿಯುತ್ತದೆ, ಗುಂಡು ಸಣ್ಣದು, ವೇಗ ವಿಪರೀತ. ಸ್ಟ್ರೇಟ್-ವಾಲ್ ತೋಟಾಕ್ಕೆ ಈ ಕುತ್ತಿಗೆ ಇಲ್ಲ, ಕೋಶವು ಬುಡದಿಂದ ಬಾಯಿಯವರೆಗೆ ಹೆಚ್ಚುಕಡಿಮೆ ಒಂದೇ ಅಗಲಕ್ಕಿರುತ್ತದೆ. ಹಾಗಾಗಿ ಗುಂಡು ಅಗಲ, ವೇಗ ಸಾಧಾರಣ, ಮತ್ತು ಅಗಲವಾದ ಮೂತಿಯ ಗುಂಡನ್ನು ಗಾಳಿ ಬೇಗನೆ ತಡೆಯುವುದರಿಂದ ಅದು ಬೇಗ ಇಳಿಯುತ್ತದೆ. ಓಹಾಯೋ, ಮಿಶಿಗನ್‌ನ ದಕ್ಷಿಣ ಭಾಗ, ಅಯೋವ, ಇಲಿನಾಯ್ ಮೊದಲಾದ ಕಡೆ ನೆಲ ಸಪಾಟು, ಜೋಳದ ಹೊಲಗಳ ನಡುವೆಯೇ ಮನೆಗಳು. ಆದ್ದರಿಂದ ಅಲ್ಲಿ ದಶಕಗಳ ಕಾಲ ಜಿಂಕೆ ಬೇಟೆಗೆ ಶಾಟ್‌ಗನ್ನಿನ ಒಂಟಿ ಗುಂಡು, ಅಂದರೆ ಸ್ಲಗ್, ಮುಖ್ಯವಾಗಿ ಬಳಕೆಯಲ್ಲಿತ್ತು, ಸಾಮಾನ್ಯ ರೈಫಲ್ ಸಲ್ಲುತ್ತಿರಲಿಲ್ಲ. ಮಲೆನಾಡು, ಕೊಡಗಿನ ಮನೆಗಳಲ್ಲಿ ಜೋಡುನಳಿಗೆ ಕೋವಿಯನ್ನು ನೋಡಿ ಬೆಳೆದವರಿಗೆ ಹನ್ನೆರಡು ಬೋರಿನ ಸ್ಲಗ್ ಎಷ್ಟು ಒದೆಯುತ್ತದೆ, ಎಷ್ಟು ದೂರಕ್ಕೆ ಗುರಿ ನಿಲ್ಲುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಇಲ್ಲಿ ಬರೆದ ಯಾವುದೂ ಊರಿಗೆ ಅನ್ವಯಿಸುವುದಲ್ಲ.)

ಓಹಾಯೋ 2014ರಲ್ಲಿ ಸ್ಟ್ರೇಟ್-ವಾಲ್ ತೋಟಾದ ರೈಫಲ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಇಲ್ಲಿನ ನಿಯಮದಂತೆ ವ್ಯಾಸ .357ರಿಂದ .50 ಅಂಗುಲದೊಳಗೆ ಇರಬೇಕು, ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಭಾಗ) ಮತ್ತು ಚೇಂಬರ್ (ಹಾರಿಸುವ ತೋಟಾ ಕೂರುವ ನಳಿಗೆಯ ಬುಡ) ಎರಡೂ ಸೇರಿ ಮೂರಕ್ಕಿಂತ ಹೆಚ್ಚು ತೋಟಾ ಇರಬಾರದು. ಅದೇ ವರ್ಷ ಮಿಶಿಗನ್ ತನ್ನ ದಕ್ಷಿಣ ವಲಯಕ್ಕೆ ಬೇರೊಂದು ಗೆರೆ ಎಳೆಯಿತು: ಕೋಶದ ಉದ್ದ 1.16ರಿಂದ 1.80 ಅಂಗುಲದೊಳಗಿರಬೇಕು. .45-70ರ ಕೋಶ 2.105 ಅಂಗುಲ ಇರುವುದರಿಂದ ಅದು ಅಲ್ಲಿ ಹೊರಗುಳಿಯಿತು. ಗಡಿ ದಾಟಿ ಬೇಟೆಗೆ ಹೋಗುವ ಯೋಚನೆಯಿದ್ದರೆ ಆಯಾ ವರ್ಷದ ನಿಯಮಾವಳಿಯನ್ನು ಓದಿಕೊಂಡೇ ಕೊಳ್ಳಿ.

.350 ಲೆಜೆಂಡನ್ನು ವಿಂಚೆಸ್ಟರ್ ಕಂಪನಿ 2019ರಲ್ಲಿ ಹೊರತಂದಿತು, ಮತ್ತು ಅದು ಹುಟ್ಟಿದ್ದೇ ಈ ರಾಜ್ಯಗಳ ಬೇಟೆಗಾರರಿಗಾಗಿ. ಹೆಸರಿನಲ್ಲಿ .350 ಎಂದಿದ್ದರೂ ಅದರ ವ್ಯಾಸ .357 ಅಂಗುಲ, ಹಾಗಾಗಿ ಓಹಾಯೋದಲ್ಲಿ ಸಲ್ಲುತ್ತದೆ. 150 ಗ್ರೇನ್ (ಸುಮಾರು 9.7 ಗ್ರಾಂ) ತೂಕದ ಗುಂಡು ಸೆಕೆಂಡಿಗೆ 2,325 ಅಡಿ ವೇಗದಲ್ಲಿ ನಳಿಗೆ ಬಿಡುತ್ತದೆ, ಶಕ್ತಿ ಸುಮಾರು 1,800 ಫುಟ್-ಪೌಂಡ್. 180 ಗ್ರೇನ್ ಗುಂಡು 2,100 ಅಡಿ ವೇಗದಲ್ಲಿ ಹೊರಟು ಹೆಚ್ಚುಕಡಿಮೆ ಅಷ್ಟೇ ಶಕ್ತಿ ಹೊತ್ತೊಯ್ಯುತ್ತದೆ. ರೈಫಲ್ಲನ್ನು 150 ಗಜಕ್ಕೆ ಝೀರೋ ಮಾಡಿಕೊಂಡರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲಿಗೇ ಬೀಳುವಂತೆ ಹೊಂದಿಸಿಕೊಂಡರೆ, 150 ಗ್ರೇನ್ ಗುಂಡು 100 ಗಜದಲ್ಲಿ ಗುರಿಗಿಂತ ಎರಡು ಅಂಗುಲದೊಳಗೇ ಮೇಲಿರುತ್ತದೆ, 200 ಗಜದಲ್ಲಿ ನಾಲ್ಕೂವರೆ ಅಂಗುಲದಷ್ಟು ಕೆಳಗಿಳಿದಿರುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಭಾಗ ಎಂಟು ಹತ್ತು ಅಂಗುಲ ಅಗಲವಿರುವುದರಿಂದ, 150 ಗಜದವರೆಗೆ ನೀವು ಲೆಕ್ಕ ಹಾಕುವ ಅಗತ್ಯವೇ ಬರುವುದಿಲ್ಲ. ಭುಜದ ಹಿಂಬದಿಗೆ ಗುರಿಯಿಟ್ಟು ಹಾರಿಸಿದರಾಯಿತು. 200 ಗಜದಲ್ಲಿ ಮಾತ್ರ ಅದರ ಶಕ್ತಿ 900 ಫುಟ್-ಪೌಂಡ್‌ಗೆ ಇಳಿದಿರುತ್ತದೆ. ಸಾವಿರಕ್ಕಿಂತ ಕಡಿಮೆಯಾದರೆ ಜಿಂಕೆ ಬೀಳುವುದಿಲ್ಲ ಎಂಬ ಹಳೆಯ ಮಾತನ್ನು ನಾನು ವೇದವಾಕ್ಯವೆಂದು ಒಪ್ಪುವುದಿಲ್ಲವಾದರೂ, ಅಷ್ಟು ದೂರದಲ್ಲಿ ವೇಗ ಕುಂದಿದ ಗುಂಡು ಒಳಗೆ ಸರಿಯಾಗಿ ಅರಳುವ ಖಾತರಿ ಕಡಿಮೆ ಎಂಬುದು ನಿಜ.

.450 ಬುಷ್‌ಮಾಸ್ಟರ್ 2007ರಲ್ಲಿ ಮಾರುಕಟ್ಟೆಗೆ ಬಂದದ್ದು. ಟಿಮ್ ಲೆಜೆಂಡರ್ ಎಂಬವರು ರೂಪಿಸಿದ .45 ಪ್ರೊಫೆಷನಲ್ ಎಂಬ ತೋಟಾದಿಂದ ಅದು ಬೆಳೆಯಿತು. ಮುಂದಿನ ತೋಟಾವನ್ನು ತಾನಾಗಿಯೇ ತುಂಬಿಕೊಳ್ಳುವ ಎಆರ್-15 ಮಾದರಿಯ ರೈಫಲ್ಲಿನಲ್ಲಿ ದೊಡ್ಡ ವ್ಯಾಸದ ಗುಂಡು ಹಾರಿಸಬೇಕೆಂಬುದು ಮೂಲ ಉದ್ದೇಶವಾಗಿತ್ತು. ಹಾರ್ನಡಿ ಎಂಬ ತೋಟಾ ಕಂಪನಿಯ 250 ಗ್ರೇನ್ ಗುಂಡು 2,200 ಅಡಿ ವೇಗದಲ್ಲಿ ಹೊರಟು ನಳಿಗೆಯ ಬಾಯಲ್ಲಿ 2,686 ಫುಟ್-ಪೌಂಡ್ ಶಕ್ತಿ ಪಡೆದಿರುತ್ತದೆ. 200 ಗಜದಲ್ಲಿಯೂ ಸುಮಾರು 1,290 ಉಳಿಯುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. .452 ಅಂಗುಲದ ಗುಂಡು ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಬಿದ್ದಾಗ ಎರಡು ತೂತುಗಳಿಂದಲೂ ರಕ್ತ ಸುರಿಯುತ್ತದೆ, ಮತ್ತು ಜಿಂಕೆ ಬಿದ್ದ ಜಾಗ ಹುಡುಕುವವನಿಗೆ ಅದರ ಬೆಲೆ ಗೊತ್ತು. ಜೋಳ ಕೊಯ್ದ ಹೊಲದ ಒಣ ಕೂಳೆಗಳ ನಡುವೆ, ಸಂಜೆಯ ಬೆಳಕು ಹೋಗುತ್ತಿರುವಾಗ, ಟಾರ್ಚ್ ಹಿಡಿದು ಒಂದೊಂದು ಎಲೆಯನ್ನೂ ತಿರುವಿ ನೋಡುತ್ತ ಹೋಗುವುದು ಕಷ್ಟದ ಕೆಲಸ. ಶ್ವಾಸಕೋಶಕ್ಕೆ ತಗುಲಿದ್ದರೆ ರಕ್ತ ತಿಳಿಗೆಂಪಾಗಿ ನೊರೆಯಿಂದ ಕೂಡಿರುತ್ತದೆ. ಕಪ್ಪಾಗಿ, ಹೊಟ್ಟೆಯೊಳಗಿನ ಹಸಿರು ಬೆರೆತಿದ್ದರೆ ಗುಂಡು ಹಿಂದಕ್ಕೆ ಬಿದ್ದಿದೆ ಎಂದರ್ಥ, ಆಗ ಗಂಟೆಗಟ್ಟಲೆ ಕಾಯದೆ ಬೆನ್ನುಹತ್ತಬಾರದು. .350 ಲೆಜೆಂಡ್ ತಗುಲಿದ ಜಿಂಕೆಗಳಲ್ಲಿ ರಕ್ತದ ಜಾಡು ಕೆಲವೊಮ್ಮೆ ಮೊದಲ ಮೂವತ್ತು ನಲವತ್ತು ಗಜ ತೆಳುವಾಗಿರುವುದನ್ನು ನಾನು ನೋಡಿದ್ದೇನೆ.

ಹಾಗಿದ್ದೂ ನಿಮಗೆ .450 ಬೇಡವೆನ್ನುವುದಕ್ಕೆ ಕಾರಣ ಒದೆತ. ಏಳೂವರೆ ಪೌಂಡ್ ತೂಕದ ಒಂದೇ ಬಗೆಯ ರೈಫಲ್‌ನಲ್ಲಿ ಲೆಕ್ಕ ಹಾಕಿದರೆ .450ರ ಒದೆತದ ಶಕ್ತಿ .350ರ ಎರಡೂವರೆ ಪಟ್ಟು ಆಗುತ್ತದೆ. ನಳಿಗೆಯ ತುದಿಗೆ ಮಜಲ್ ಬ್ರೇಕ್ ಹಾಕಿದರೆ ಒದೆತ ತಗ್ಗುತ್ತದೆ, ಆದರೆ ಸದ್ದು ಪಕ್ಕಕ್ಕೆ ಸಿಡಿದು ಕಿವಿಗೆ ಹಾನಿ ಮಾಡುವಷ್ಟಾಗುತ್ತದೆ. ಹೊಸಬರು ಒಂದೆರಡು ಡಬ್ಬಿ ತೋಟಾ ಹಾರಿಸುವಷ್ಟರಲ್ಲಿ ಟ್ರಿಗರ್ ಎಳೆಯುವ ಮೊದಲೇ ಭುಜ ಬಿಗಿಯುವುದನ್ನು, ಕಣ್ಣು ಮುಚ್ಚುವುದನ್ನು ಕಲಿತುಬಿಡುತ್ತಾರೆ. ಒಮ್ಮೆ ಮೈಗೆ ಹತ್ತಿದ ಈ ಬೆದರು ಬಿಡಿಸುವುದಕ್ಕೆ ವರ್ಷಗಳೇ ಬೇಕು. ಇದನ್ನು ಪರೀಕ್ಷಿಸುವ ಸುಲಭ ಉಪಾಯವಿದೆ. ರೇಂಜಿನಲ್ಲಿ ಜೊತೆಗಿರುವವರು ನಿಮಗೆ ಕಾಣದಂತೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ತೋಟಾ ಹಾಕಿ ಕೊಡಲಿ. ಅದು ಬಂದಾಗ ಬರಿಯ ಟಕ್ ಎಂಬ ಶಬ್ದವಾಗುತ್ತದೆ, ಆದರೆ ಬೆದರಿದವರ ನಳಿಗೆಯ ತುದಿ ಅಷ್ಟರಲ್ಲಿ ಕೆಳಕ್ಕೆ ಕುಕ್ಕಿರುತ್ತದೆ. ಆ ಕುಕ್ಕು 100 ಗಜದಲ್ಲಿ ಅರ್ಧ ಅಡಿಯ ತಪ್ಪಾಗಿ, ಶ್ವಾಸಕೋಶಕ್ಕೆ ಬೀಳಬೇಕಾದ ಗುಂಡು ಮುಂಗಾಲಿಗೋ ಹೊಟ್ಟೆಗೋ ಬೀಳುತ್ತದೆ. ಸರಿಯಾದ ಜಾಗಕ್ಕೆ ಬಿದ್ದ .350ರ ಗುಂಡು ಜಿಂಕೆಯನ್ನು ಬೇಗ ಕೊಲ್ಲುತ್ತದೆ, ಹೊಟ್ಟೆಗೆ ಬಿದ್ದ .450ರ ಗುಂಡು ಆ ಪ್ರಾಣಿಯನ್ನು ಇಡೀ ರಾತ್ರಿ ನರಳಿಸುತ್ತದೆ. ನನ್ನ ಮಟ್ಟಿಗೆ ಇಡೀ ಹೋಲಿಕೆ ನಿಲ್ಲುವುದು ಇದರ ಮೇಲೆ.

ನಿಮ್ಮ ಸಹೋದ್ಯೋಗಿ ಹೊಗಳುವ .45-70 ಗವರ್ನಮೆಂಟ್ ಅಮೆರಿಕದ ಸೈನ್ಯ 1873ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗಾಗಿ ಸ್ವೀಕರಿಸಿದ ತೋಟಾ; .45 ವ್ಯಾಸ, 70 ಗ್ರೇನ್ ಕರಿಮದ್ದು ಎಂಬುದೇ ಅದರ ಹೆಸರು. ಇಂದಿಗೂ ಅದನ್ನು ಅಕ್ಕರೆಯಿಂದ ಬಳಸುವವರಿದ್ದಾರೆ, ಅವರ ಅಕ್ಕರೆಗೆ ಕಾರಣವೂ ಇದೆ: ಆಗ್ನೇಯ ಓಹಾಯೋದ ಗುಡ್ಡಗಾಡಿನಲ್ಲಿ, ಎಂಬತ್ತು ಗಜಕ್ಕಿಂತ ಆಚೆ ಏನೂ ಕಾಣದ ದಟ್ಟ ಮರಗಳ ನಡುವೆ, ಲಿವರ್ ಆಕ್ಷನ್ (ಟ್ರಿಗರಿನ ಬಳಿಯ ಸನ್ನೆಯನ್ನು ಎಳೆದು ತೋಟಾ ತುಂಬುವ) ರೈಫಲ್ಲಿನಿಂದ ಹೊರಟ 300 ಗ್ರೇನ್ ಗುಂಡು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ತೊಡಕಿರುವುದು ಬಯಲಿನಲ್ಲಿ. 405 ಗ್ರೇನ್‌ನ ಹಳೆಯ ಮಾದರಿಯ ತೋಟಾ 1,330 ಅಡಿ ವೇಗದಲ್ಲಿ ಹೊರಡುತ್ತದೆ, 100 ಗಜಕ್ಕೆ ಝೀರೋ ಮಾಡಿದ್ದರೆ 200 ಗಜ ಮುಟ್ಟುವಷ್ಟರಲ್ಲಿ ಎರಡು ಅಡಿಯಷ್ಟು ಇಳಿದಿರುತ್ತದೆ. ದೂರದ ಅಂದಾಜು ಇಪ್ಪತ್ತು ಗಜ ತಪ್ಪಿದರೂ ಗುರಿ ಕೈತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಲಿವರ್ ರೈಫಲ್ಲಿನ ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಬೆನ್ನಿಗೆ ಒಂದು ನಿಂತಿರುತ್ತವೆ, ಹಿಂದಿನ ತೋಟಾದ ಮೂತಿ ಮುಂದಿನದರ ಬುಡದ ಪ್ರೈಮರಿಗೆ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗಕ್ಕೆ) ಒತ್ತಿಕೊಂಡಿರುತ್ತದೆ. ಅದರಲ್ಲಿ ಗಟ್ಟಿ ಚೂಪುಮೂತಿಯ ಗುಂಡು ಹಾಕಿದರೆ ಒದೆತದ ಹೊಡೆತಕ್ಕೆ ಒಳಗೇ ಸಿಡಿಯುವ ಅಪಾಯವಿದೆ. ಚಪ್ಪಟೆ ಮೂತಿಯ ಗುಂಡು, ಇಲ್ಲವೇ ಹಾರ್ನಡಿಯವರ ಮೆತ್ತನೆಯ ತುದಿಯ ಗುಂಡು ಮಾತ್ರ ಸಲ್ಲುತ್ತದೆ.

ನೀವು ಕೇಳದ ಎರಡು ಹೊಸ ತೋಟಾಗಳನ್ನೂ ಗಮನಿಸಿ, ಎರಡೂ 2023ರಲ್ಲಿ ಬಂದವು. ರೆಮಿಂಗ್ಟನ್‌ನ .360 ಬಕ್‌ಹ್ಯಾಮರ್ 180 ಗ್ರೇನ್ ಗುಂಡನ್ನು 2,400 ಅಡಿ ವೇಗದಲ್ಲಿ ಕಳಿಸುತ್ತದೆ; .30-30ರ ಕೋಶವನ್ನು ಆಧರಿಸಿದ್ದರಿಂದ ಅದಕ್ಕೆ ಬುಡದಲ್ಲಿ ಅಂಚು ಇದೆ, ಲಿವರ್ ರೈಫಲ್ ಇಷ್ಟಪಡುವವರಿಗೆ ನಾನು .45-70ಕ್ಕಿಂತ ಇದನ್ನೇ ಸೂಚಿಸುತ್ತೇನೆ. ವಿಂಚೆಸ್ಟರ್‌ನ .400 ಲೆಜೆಂಡ್ 215 ಗ್ರೇನ್ ಗುಂಡನ್ನು 2,250 ಅಡಿ ವೇಗದಲ್ಲಿ ಹಾರಿಸುತ್ತದೆ, ಶಕ್ತಿಯಲ್ಲಿಯೂ ಒದೆತದಲ್ಲಿಯೂ .350 ಮತ್ತು .450ರ ನಡುವೆ ನಿಲ್ಲುತ್ತದೆ. ಎರಡು ಮೂರು ವರ್ಷ ಅಭ್ಯಾಸವಾದ ಮೇಲೆ ಮೇಲಕ್ಕೆ ಹೋಗಬೇಕೆನಿಸಿದರೆ ಅದು ಸರಿಯಾದ ಮೆಟ್ಟಿಲು. ಆದರೆ ಊರಿನ ಸಣ್ಣ ಅಂಗಡಿಯಲ್ಲಿ ಈ ಎರಡರ ತೋಟಾ ಸಿಗುವುದು .350ರಷ್ಟು ಸುಲಭವಲ್ಲ.

ಮುಂದೆಂದಾದರೂ ಮನೆಯಲ್ಲೇ ತೋಟಾ ತುಂಬುವ ಆಸೆ ನಿಮಗಿದ್ದರೆ, .350 ಮತ್ತು .450 ಎರಡೂ ಚೇಂಬರಿನಲ್ಲಿ ಕೋಶದ ಬಾಯಂಚಿನ ಮೇಲೆ ನಿಲ್ಲುತ್ತವೆ ಎಂಬುದನ್ನು ನೆನಪಿಡಿ. ಆ ಅಂಚನ್ನು ಒಳಕ್ಕೆ ಸುರುಳಿಯಾಗಿ ಮಡಿಸಿದರೆ ಅಥವಾ ಕೋಶವನ್ನು ಅತಿಯಾಗಿ ಕತ್ತರಿಸಿದರೆ ತೋಟಾ ಇರಬೇಕಾದ್ದಕ್ಕಿಂತ ಒಳಕ್ಕೆ ಜಾರಿ, ಫೈರಿಂಗ್ ಪಿನ್ನಿನ ಪೆಟ್ಟು ಸರಿಯಾಗಿ ಬೀಳದೆ ಹೋಗಬಹುದು. ಅಂಚು ಇರುವ .45-70 ಮತ್ತು ಬಕ್‌ಹ್ಯಾಮರ್‌ಗೆ ಈ ಕಷ್ಟವಿಲ್ಲ.

ಸ್ಟ್ರೇಟ್-ವಾಲ್ ಗುಂಡು ಬೇಗ ಇಳಿಯುತ್ತದೆ ಎಂದ ಮಾತ್ರಕ್ಕೆ ಅದು ನಿರಪಾಯ ಎಂದು ದಯವಿಟ್ಟು ಭಾವಿಸಬೇಡಿ. ಸ್ವಲ್ಪ ಮೇಲ್ಮುಖವಾಗಿ ಹಾರಿಸಿದರೆ ಈ ಯಾವ ಗುಂಡಾದರೂ ಹೊಲ ದಾಟಿ, ರಸ್ತೆ ದಾಟಿ ಹೋಗುತ್ತದೆ. ಜಿಂಕೆಯ ಹಿಂದೆ ಮಣ್ಣಿನ ದಿಬ್ಬವೋ ಇಳಿಜಾರೋ ಕಾಣದಿದ್ದರೆ ಟ್ರಿಗರಿನ ಮೇಲೆ ಬೆರಳಿಡಬೇಡಿ. ದಿಬ್ಬದ ನೆತ್ತಿಯ ಮೇಲೆ ಆಕಾಶದ ಎದುರು ನಿಂತ ಜಿಂಕೆ ಎಷ್ಟೇ ದೊಡ್ಡದಿರಲಿ, ಅದನ್ನು ಹೋಗಗೊಡಿ. ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಕೂತರೆ ಗುಂಡು ಕೆಳಮುಖವಾಗಿ ನೆಲಕ್ಕೇ ಬೀಳುವುದರಿಂದ ಸಪಾಟು ಜಮೀನಿನಲ್ಲಿ ಅದೇ ಕ್ಷೇಮ, ಆದರೆ ಅಟ್ಟಣೆಯಲ್ಲಿ ಇಡೀ ಮೈಗೆ ತೊಡುವ ಸುರಕ್ಷತಾ ಪಟ್ಟಿ (ಫುಲ್-ಬಾಡಿ ಹಾರ್ನೆಸ್) ಕಟ್ಟಿಕೊಳ್ಳದೆ ಕೂರಬಾರದು.

ಈಗ ಮಾಡಬೇಕಾದ್ದು: ಓಹಾಯೋದಲ್ಲಿ ಮೊದಲ ಪರವಾನಗಿಗೆ ಬೇಟೆಗಾರರ ಶಿಕ್ಷಣ ತರಗತಿ ಮುಗಿಸಿರಬೇಕು, ಇಲ್ಲವೇ ಬೇಟೆ ಪರವಾನಗಿ ಇರುವ ವಯಸ್ಕರ ಜೊತೆಯಲ್ಲಷ್ಟೇ ಬೇಟೆಯಾಡಬಹುದಾದ ಅಪ್ರೆಂಟಿಸ್ ಪರವಾನಗಿ ಪಡೆಯಬೇಕು, ಜಿಂಕೆಗೆ ಬೇರೆಯೇ ಪರ್ಮಿಟ್ ಬೇಕು, ಗನ್ ಸೀಸನ್ನಿನಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ಕಡ್ಡಾಯ. ಸೀಸನ್ ಥ್ಯಾಂಕ್ಸ್‌ಗಿವಿಂಗ್ ಕಳೆದ ಸೋಮವಾರ ಆರಂಭವಾಗುವುದರಿಂದ ನವೆಂಬರಿನಲ್ಲಿ ಅಂಗಡಿಯ ಕಪಾಟು ಬರಿದಾಗುತ್ತದೆ. ಬೇಸಿಗೆಯಲ್ಲೇ ಎರಡು ಮೂರು ಬಗೆಯ ತೋಟಾಗಳನ್ನು ಒಂದೊಂದು ಡಬ್ಬಿ ತಂದು, ನಿಮ್ಮ ರೈಫಲ್ ಯಾವುದನ್ನು ಹತ್ತಿರ ಹತ್ತಿರ ಗುಂಪುಗೂಡಿಸುತ್ತದೆ ಎಂದು 100 ಗಜದಲ್ಲಿ ನೋಡಿ, ಮನೆಯಲ್ಲಿ ಮಕ್ಕಳು ಮಾಂಸ ತಿನ್ನುವುದಾದರೆ ಸೀಸದ ಚೂರು ಹರಡದ ತಾಮ್ರದ ಗುಂಡನ್ನೂ ಅದರಲ್ಲಿ ಸೇರಿಸಿ. ಒಪ್ಪಿದ್ದನ್ನು ಒಂದೇ ಲಾಟ್ ಸಂಖ್ಯೆಯ, ಅಂದರೆ ಒಟ್ಟಿಗೆ ತಯಾರಾದ, ಐದಾರು ಡಬ್ಬಿ ಕೊಂಡಿಡಿ, ಮತ್ತು ಬೆಂಚಿನ ಮೇಲಿನಿಂದ ಮಾತ್ರವಲ್ಲದೆ, ಕುಳಿತು, ಮಂಡಿಯೂರಿ, ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೂ ಅಭ್ಯಾಸ ಮಾಡಿ.