ಕೈ ಕಟ್, ಬಾಯ್ ಮುಚ್!

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ: 'ಮಗಳು ಮೂರನೇ ಕ್ಲಾಸು. ಸಣ್ಣ ಕೂಡುವ ಲೆಕ್ಕಕ್ಕೂ ಬೆರಳು ಮಡಚುತ್ತಾಳೆ. ಟೀಚರ್ ಕೈ ಕಟ್ಟಿಸಿ ಕೂರಿಸುತ್ತಾರಂತೆ. ಈ ಚಟ ಬಿಡಿಸುವುದು ಹೇಗೆ?'

ಸಂಪಾದಕರ ಉತ್ತರ:

ಬಿಡಿಸಬೇಡಿ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಏಳೆಂಟ್ಲ ಐವತ್ತಾರು ಅನ್ನುವುದು ಬಾಯಿಗೆ ಬರಲೇಬೇಕು, ಅದಕ್ಕೆ ಮಗ್ಗಿ ಇದ್ದೇ ಇದೆ. ಆದರೆ 'ಚಟ' ಅಂದಿರಲ್ಲ, ಆ ಮಾತು ನನಗೆ ಹಿಡಿಸಲಿಲ್ಲ.

ನಮ್ಮಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸುತ್ತ, ಬೆರಳಿಗೆ 3, ಕೈಗೆ 12 ಅಂತ ಹಿಡಿದು, ಇಡೀ ತಿಂಗಳ ಹಾಲಿನ ಲೆಕ್ಕ ಒಪ್ಪಿಸುತ್ತಿದ್ದರು. ಸಂಗೀತ ಕಲಿಯುವ ಮಕ್ಕಳನ್ನೇ ನೋಡಿ. ಆದಿತಾಳ ಅಂದರೆ ತೊಡೆಯ ಮೇಲೊಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಒಂದು ಪೆಟ್ಟು, ಒಂದು ಹುಸಿ (ಅಂಗೈ ಮೇಲೆ ಮಾಡುವುದು), ಹೀಗೆ ಎರಡು ಸಲ. ಒಟ್ಟು 8. ಆ ಲೆಕ್ಕವನ್ನು ಕೈ ನೋಡಿಕೊಳ್ಳುತ್ತದೆ, ಅದಕ್ಕೇ ಗಮನವೆಲ್ಲ ಸ್ವರದ ಕಡೆ ಇರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಗೋಲ್ಡಿನ್-ಮೆಡೋ ಮತ್ತು ಜೊತೆಗಾರರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಲೆಕ್ಕ ಬಿಡಿಸಿದ ಮೇಲೆ ನೆನಪಿಡಲು ಒಂದಷ್ಟು ಪದ ಕೊಟ್ಟು, ಆ ಲೆಕ್ಕ ಮಾಡಿದ್ದು ಹೇಗೆ ಅಂತ ವಿವರಿಸಲು ಹೇಳಿದರು. ಕೈಯಾಡಿಸುತ್ತ ವಿವರಿಸಿದಾಗ ಪದಗಳು ಜಾಸ್ತಿ ನೆನಪಿದ್ದವು, ಕೈ ಅಲ್ಲಾಡಿಸದೆ ಕೂತಾಗ ಕಡಿಮೆ. ತಲೆಯ ಹೊರೆಯಲ್ಲಿ ಒಂದು ಪಾಲನ್ನು ಕೈ ಹೊರುತ್ತದೆ ಅನ್ನುವುದು ಅವರ ವಿವರಣೆ. ಹಾಗಾದರೆ ಕೈ ಕಟ್ಟಿಸುವುದು ಮಗುವಿನ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗೆ, ಅಲ್ವಾ?

ನಮ್ಮ ರಾಜ್ಯದಲ್ಲೇ, ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ, 1995ರಲ್ಲಿ ನಲಿ-ಕಲಿ ಶುರುವಾಯಿತು. ಗುಂಪಾಗಿ ಕೂತು, ಕಾರ್ಡು ಆರಿಸಿಕೊಂಡು, ಹಾಡಿ, ಆಡಿ ಕಲಿಯುವ ಕ್ರಮ ಅದು. ಸಾವಿರಗಟ್ಟಲೆ ಫೀಸು ಕಟ್ಟಿ ನಾವು ಆರಿಸಿಕೊಂಡ ಎಷ್ಟೋ ಶಾಲೆಗಳಲ್ಲಿ ಏನಾಗುತ್ತಿದೆ? ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಮಗು ಮಾಡಬೇಕಾದ ಕ್ರಾಫ್ಟನ್ನು ಅಪ್ಪ-ಅಮ್ಮ ರಾತ್ರಿ ಕೂತು ಮಾಡುತ್ತಾರೆ. ನಾನು ಓದಿದ ಹೈಸ್ಕೂಲಿನಲ್ಲಿ ಪ್ರಯೋಗದ ಸಾಮಾನೆಲ್ಲ ಬೀಗ ಹಾಕಿದ ಬೀರುವಿನಲ್ಲಿತ್ತು. ಮೂರು ವರ್ಷ ಹೊರಗಿಂದಲೇ ನೋಡಿದೆ. ಪಟ್ಟಕದ (ಪ್ರಿಸಂ) ಚಿತ್ರ ಬರೆದು ಅಂಕ ತಗೊಂಡೆ, ಅದನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದ್ದು ಕಾಲೇಜಿಗೆ ಹೋದ ಮೇಲೆ. ಆ ಸಿಟ್ಟು ಇನ್ನೂ ಆರಿಲ್ಲ.

ನೀವು ಮಗಳಿಗೆ ಒಂದು ಹಿಡಿ ಹುಣಸೆ ಬೀಜ ಕೊಡಿ. ಅಟ್ಟದ ಮೇಲೆ ಅಳಗುಳಿ ಮಣೆ ಇದ್ದರೆ ಇಳಿಸಿ, ನೀವೂ ಜೊತೆಗೆ ಕೂತು ಆಡಿ. ಬೆರಳು ಮಡಚಿದರೆ ಮಡಚಲಿ. ಟೀಚರ್ ಹತ್ತಿರ ಒಮ್ಮೆ ಮಾತಾಡಿ, ಬೇಕಿದ್ದರೆ ಈ ಪುಟ ಹರಿದುಕೊಂಡು ಹೋಗಿ ತೋರಿಸಿ.