ಪೆನ್ಸಿಲ್ ಬಣ್ಣ ಬಟ್ಟೆಗೆ ಇಳಿಯುತ್ತಾ?

ಸೂಜಿ-ದಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ನಾನು ಮನೆಯಲ್ಲೇ ಕೌದಿ, ಬಟ್ಟೆ ಚೀಲ ಹೊಲಿದು ಮಾರುತ್ತೇನೆ. ಒಂದೊಂದಕ್ಕೂ ನನ್ನದೇ ಪುಟ್ಟ ಟ್ಯಾಗ್ ಹಚ್ಚಬೇಕು ಅಂತ ಆಸೆ. ಬಣ್ಣದ ಪೆನ್ಸಿಲಿನಲ್ಲಿ ಕೆಂಪು ದಾಸವಾಳ ಬಿಡಿಸಿ, ಕೆಳಗೆ ಊರಿನ ಹೆಸರು ಬರೆದೆ. ಕಾಗದವನ್ನು ಬಟ್ಟೆ ಮೇಲೆ ಬೋರಲು ಹಾಕಿ ಇಸ್ತ್ರಿ ತಿಕ್ಕಿದೆ. ಮಸುಕಾಗಿ ಬಂತು, ಅಕ್ಷರ ಉಲ್ಟಾ ಆಯಿತು, ಒಂದು ಸಲ ಒಗೆದಿದ್ದಕ್ಕೆ ಅದೂ ಹೋಯಿತು. ಬೇರೆ ದಾರಿ ಇದೆಯಾ?
— ಓದುಗರು, ಗದಗ

ಉತ್ತರ: ಇದೆ. ಆದರೆ ನಿಮ್ಮ ಪೆನ್ಸಿಲಿನ ಬಣ್ಣವೇ ಬಟ್ಟೆಗೆ ಹೋಗಬೇಕು ಅನ್ನುವ ಹಟ ಬಿಡಿ. ಬಣ್ಣದ ಪೆನ್ಸಿಲಿನೊಳಗೆ ಇರುವುದು ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಡುವ ಮೇಣ ಅಥವಾ ಎಣ್ಣೆ. ಇಸ್ತ್ರಿ ಬಿಸಿಗೆ ಮೇಣ ಕರಗಿ ಸ್ವಲ್ಪ ಬಣ್ಣ ಬಟ್ಟೆಗೆ ಹತ್ತುತ್ತದೆ, ಅಷ್ಟೇ. ನೂಲಿನ ಒಳಗೆ ಇಳಿಯುವುದಿಲ್ಲ. ಸೋಪು ತಾಗಿದ ಕೂಡಲೇ ಎದ್ದು ಹೋಗುತ್ತದೆ. ಬಟ್ಟೆಗೆ ಹೋಗಬೇಕಾದ್ದು ಚಿತ್ರದ ಪ್ರಿಂಟು. ಮೂಲ ಚಿತ್ರ ಡ್ರಾಯಿಂಗ್ ಪುಸ್ತಕದಲ್ಲೇ ಇರಲಿ.

ಮೊದಲು ಚಿತ್ರ ಸರಿಮಾಡಿಕೊಳ್ಳಿ. ಟ್ಯಾಗ್ ಎಷ್ಟು ದೊಡ್ಡದೋ ಅದರ ಎರಡರಷ್ಟು ದೊಡ್ಡದಾಗಿ ಬಿಡಿಸಿ, ಆಮೇಲೆ ಚಿಕ್ಕದು ಮಾಡಿಸಿ. ಕೈತಪ್ಪಿದ ಗೆರೆಗಳು ಕಾಣುವುದಿಲ್ಲ. ತೀರಾ ಸಣ್ಣ ಗೆರೆಗಳೂ ಮಾಯವಾಗುತ್ತವೆ, ಅದಕ್ಕೇ ಊರಿನ ಹೆಸರನ್ನು ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯಿರಿ. ದಾಸವಾಳದ ಕೆಂಪಿಗೆ ತೊಂದರೆಯಿಲ್ಲ. ನಡುವಿನ ದಂಡಿನ ತುದಿಯಲ್ಲಿ ತಿಳಿ ಹಳದಿ ಪುಡಿ ಇರುತ್ತದಲ್ಲ, ಅದೇ ಸ್ಕ್ಯಾನರಿಗೆ ಕಾಣದೆ ಬಿಳಿಯಾಗಿಬಿಡುವುದು. ಅಲ್ಲಿ ಹಳದಿ ಗಟ್ಟಿಯಾಗಿ ಒತ್ತಿ, ಬದಿಗೆ ಕಿತ್ತಳೆ ಬಣ್ಣದ ಒಂದು ಗೆರೆ ಎಳೆಯಿರಿ.

ಮೊಬೈಲ್ ಫೋಟೊ ಬೇಡ. ಒಂದು ಕಡೆ ನೆರಳು ಬಿದ್ದೇ ಬೀಳುತ್ತದೆ, ಬಿಳಿ ಕಾಗದ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಬೂದಿಯೂ ಬಟ್ಟೆ ಮೇಲೆ ಪ್ರಿಂಟ್ ಆಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐಗೆ (ಅಂದರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಚಿತ್ರದ ಚೆಂದ ಇರುವುದೇ ಕಾಗದದ ತರಿ ಬಣ್ಣದ ನಡುವೆ ಇಣುಕುವುದರಲ್ಲಿ. ಅಂಗಡಿಯ ಹುಡುಗ 'ಕ್ಲೀನ್ ಮಾಡ್ಲಾ ಮೇಡಂ' ಅಂತ ಕೇಳಿದರೆ ಹಿಂದಿನ ಬಿಳಿ ಮಾತ್ರ ಸರಿಮಾಡಲು ಹೇಳಿ, ಹೂವಿನ ತಂಟೆಗೆ ಹೋಗುವುದು ಬೇಡ. 4 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಟ್ಯಾಗ್ ಆದರೆ ನಡುವೆ ಒಂದು ಸೆಂ.ಮೀ. ಜಾಗ ಬಿಟ್ಟು ಒಂದು ಎ4 ಹಾಳೆಯಲ್ಲಿ 16 ಕೂರುತ್ತವೆ.

ಇನ್ನು ಬಟ್ಟೆ. ಚೀಲಕ್ಕೂ ಕೌದಿಗೂ ಒಂದೇ ಟ್ಯಾಗ್ ಅಂದುಕೊಂಡಿದ್ದೀರಿ ಅನಿಸುತ್ತದೆ. ಅದು ಆಗದು. ಚೀಲಕ್ಕೆ ದಾರದಲ್ಲಿ ಕಟ್ಟುವ ಟ್ಯಾಗನ್ನು ಯಾರೂ ಒಗೆಯುವುದಿಲ್ಲ. ಕೌದಿಯನ್ನು ನಮ್ಮ ಕಡೆ ಹೇಗೆ ಒಗೆಯುತ್ತಾರೆ ನಿಮಗೇ ಗೊತ್ತು: ನೆನೆಹಾಕಿ, ತುಳಿದು, ಬಂಡೆಗೆ ಬಡಿದು, ಬಿಸಿಲಿಗೆ ಹಾಕಿ.

ಚೀಲದ ಟ್ಯಾಗಿಗೆ ಬಿಳಿ ಪಾಪ್ಲಿನ್ ಸಾಕು. ಒಗೆದು ಗಂಜಿ ತೆಗೆದು, ಇಸ್ತ್ರಿ ಮಾಡಿ, ಎ4 ಅಳತೆಯ ಸ್ಟಿಕರ್ ಹಾಳೆಯ ಅಂಟಿನ ಬದಿಗೆ ಒಂದೂ ಗುಳ್ಳೆ ಇಲ್ಲದಂತೆ ಅಂಟಿಸಿ. ಅಂಚನ್ನು ಹಾಳೆಯ ನೇರಕ್ಕೆ ಕತ್ತರಿಸಿ. ಒಂದೇ ಒಂದು ಎಳೆ ಹೊರಗೆ ಜೋತುಬಿದ್ದರೂ ಪ್ರಿಂಟರಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಂಚಿನ ಮೇಲೊಮ್ಮೆ ಬೆರಳಾಡಿಸಿ ನೋಡಿ. ಆಮೇಲೆ ಇಂಕ್‌ಜೆಟ್ ಪ್ರಿಂಟರಿಗೆ ಹಾಕಿ. ಲೇಸರ್ ಬೇಡ, ಅದರೊಳಗಿನ ಬಿಸಿಗೆ ಅಂಟು ಕರಗುತ್ತದೆ. ಒಂದು ದಿನ ಒಣಗಲು ಬಿಟ್ಟು ಹಾಳೆ ಕಿತ್ತು, ನೀರು ಚಿಮುಕಿಸದೆ ಇಸ್ತ್ರಿ ಮಾಡಿ. ಬಟ್ಟೆಗೆ ನೇರ ಪ್ರಿಂಟ್ ಆಗುವುದರಿಂದ ಅಕ್ಷರ ಉಲ್ಟಾ ಆಗುವ ಮಾತೇ ಇಲ್ಲ. ಮನೆಯ ಪ್ರಿಂಟರಿನ ಬಣ್ಣದ ಇಂಕು ಸಾಮಾನ್ಯವಾಗಿ ನೀರಿಗೆ ಬಿಡುವಂಥದ್ದು. ಇದನ್ನು ಕೌದಿಗೆ ಹೊಲಿಯಲು ಹೋಗಬೇಡಿ.

ಕೌದಿಗೆ ಮಗ್ ಮೇಲೆ ಫೋಟೊ ಹಾಕಿಕೊಡುವ ಅಂಗಡಿಗೆ ಹೋಗಿ. ಅವರು ಮಾಡುವುದು ಸಬ್ಲಿಮೇಷನ್. ಕಾಗದದ ಮೇಲಿನ ಇಂಕು ಸುಮಾರು 200 ಡಿಗ್ರಿ ಬಿಸಿಗೆ ಆವಿಯಾಗಿ ನೂಲಿನೊಳಗೇ ಸೇರಿಕೊಳ್ಳುತ್ತದೆ. ಒಂದು ನಿಮಿಷದ ಕೆಲಸ. ಒಗೆದರೂ ಬಿಡುವುದಿಲ್ಲ, ಬಿರಿಯುವುದಿಲ್ಲ. ಆದರೆ ಇದು ಹಿಡಿಯುವುದು ಪಾಲಿಯೆಸ್ಟರಿಗೆ ಮಾತ್ರ. ಹತ್ತಿ ಬಟ್ಟೆ ಕೊಟ್ಟರೆ ಮೊದಲ ಒಗೆತಕ್ಕೇ ಖಾಲಿ.

ಕೌದಿಗೆ ಪಾಲಿಯೆಸ್ಟರಾ ಅಂತ ಮೂಗು ಮುರಿಯಬೇಡಿ. ಮಿರಮಿರ ಮಿಂಚುವ ಸ್ಯಾಟಿನ್ ಪಟ್ಟಿ ನನಗೂ ಇಷ್ಟವಿಲ್ಲ, ಹಳೇ ಸೀರೆಯ ಕೌದಿ ಮೇಲೆ ಅದು ರೆಡಿಮೇಡ್ ಅಂಗಿಯ ಲೇಬಲ್ ಥರ ಕಾಣುತ್ತದೆ. ನಾನು ತರುವುದು ಶಾಲೆಯ ಯೂನಿಫಾರ್ಮ್ ಅಂಗಿಗೆ ಬಳಸುವ ಬಿಳಿ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತ ಬಟ್ಟೆ. ಪಾಲಿಯೆಸ್ಟರ್ ಪಾಲು ಜಾಸ್ತಿ ಇರುವುದನ್ನೇ ಕೇಳಿ, ಶೇ. 65ಕ್ಕಿಂತ ಕಡಿಮೆ ಬೇಡ. ಹತ್ತಿಯ ಎಳೆಗಳು ಬಣ್ಣ ಬಿಟ್ಟುಕೊಡುವುದರಿಂದ ಮೊದಲ ಒಗೆತದಲ್ಲಿ ಚಿತ್ರ ಕೊಂಚ ತಿಳಿಯಾಗುತ್ತದೆ. ಹತ್ತಿರದಿಂದ ನೋಡಿದರೆ ಕೆಂಪಿನ ನಡುವೆ ಬಿಳಿ ಚುಕ್ಕಿ ಚುಕ್ಕಿ. ಥೇಟ್ ಪೆನ್ಸಿಲಿನ ತರಿ! ಬೇರೆ ಚಿತ್ರಕ್ಕಾದರೆ ಇದು ಕುಂದು, ಪೆನ್ಸಿಲ್ ಚಿತ್ರಕ್ಕೆ ಇದೇ ಲಾಭ. ಪ್ರಿಂಟ್ ತೆಗೆಯುವಾಗ 'ಮಿರರ್ ಮಾಡಿ' ಅಂತ ಹೇಳುವುದು ಮರೆಯಬೇಡಿ, ನಿಮ್ಮ ಉಲ್ಟಾ ಅಕ್ಷರದ ಕಥೆ ಇಲ್ಲಿಗೆ ಮುಗಿಯುತ್ತದೆ.

ಇಸ್ತ್ರಿಯಿಂದ ಅಂಟಿಸುವ ಟ್ರಾನ್ಸ್‌ಫರ್ ಪೇಪರ್ ಸಿಗುತ್ತದೆ, ಹತ್ತಿಗೂ ಹತ್ತುತ್ತದೆ. ಆದರೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಪೊರೆ ಕೂರುತ್ತದೆ, ಬಂಡೆಗೆ ಬಡಿದರೆ ಬಿರಿಯುತ್ತದೆ. ನಾನಂತೂ ಹೇಳುವುದಿಲ್ಲ.

ಕೈಯಿಂದಲೇ ಬಿಡಿಸಬೇಕು ಅನ್ನುವ ಆಸೆ ಬಿಡಲಾಗದಿದ್ದರೆ, ನಾಲ್ಕೈದು ಟ್ಯಾಗಿಗೆ ಇದು ನಡೆಯುತ್ತದೆ: ಸ್ಯಾಂಡ್‌ಪೇಪರ್ ಮೇಲೆ ಪಾಪ್ಲಿನ್ ಹಾಸಿದರೆ ಬಟ್ಟೆ ಜಾರುವುದಿಲ್ಲ. ಅದರ ಮೇಲೆ ಪೆನ್ಸಿಲಿನಿಂದಲೇ ಗಟ್ಟಿಯಾಗಿ ಬಿಡಿಸಿ. ಬಟ್ಟೆ ಬಣ್ಣದ ಜೊತೆ ಮಾರುವ ಫ್ಯಾಬ್ರಿಕ್ ಮೀಡಿಯಂ ತೆಳ್ಳಗೆ ಬಳಿದು, ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ. ಕೈಯಲ್ಲಿ ನಯವಾಗಿ ಒಗೆದರೆ ತಡೆಯುತ್ತದೆ.

ಹೊಲಿಯುವಾಗ ಅಂಚು ಒಳಗೆ ಮಡಚಿ ನಾಲ್ಕೂ ಬದಿ ಹೊಲಿಯಿರಿ. ಕೌದಿಯ ಹಿಂಬದಿ ಮೂಲೆಯೇ ಸರಿಯಾದ ಜಾಗ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಫೂಲ ಅಂತ ಮಡಚಿದ ಬಟ್ಟೆ ತುಂಡು ಇಟ್ಟು ಹೊಲಿಯುತ್ತಾರೆ. ನೀವೂ ಅಂಥದ್ದು ಇಡುವವರಾದರೆ ಟ್ಯಾಗ್ ಅದರ ಪಕ್ಕಕ್ಕೆ ಇರಲಿ, ಮೇಲೆ ಬೇಡ.

ಪ್ರಶ್ನೆ: ನನ್ನ ಚೀಲಗಳೆಲ್ಲ ಕಪ್ಪು ಡೆನಿಮ್. ಟ್ಯಾಗ್ ಬಿಟ್ಟು ಚಿತ್ರವನ್ನು ನೇರವಾಗಿ ಅದರ ಮೇಲೇ ತರಬಹುದಾ?
— ಓದುಗರು, ಪುತ್ತೂರು

ಉತ್ತರ: ಮೇಲೆ ಹೇಳಿದ ವಿಧಾನಗಳಲ್ಲಿ ಆಗುವುದಿಲ್ಲ. ಮನೆಯ ಪ್ರಿಂಟರಿನಲ್ಲೂ ಮಗ್ ಅಂಗಡಿಯ ಪ್ರಿಂಟರಿನಲ್ಲೂ ಬಿಳಿ ಇಂಕ್ ಇರುವುದಿಲ್ಲ, ಬಟ್ಟೆಯ ಬಿಳಿಯೇ ಚಿತ್ರದ ಬಿಳಿ. ಕಪ್ಪಿನ ಮೇಲೆ ಹಾಕಿದರೆ ಏನೂ ಕಾಣದು. ಕಪ್ಪು ಬಟ್ಟೆಗೆಂದೇ ಬಿಳಿ ಪೊರೆಯ ಟ್ರಾನ್ಸ್‌ಫರ್ ಪೇಪರ್ ಬರುತ್ತದೆ. ಅದಕ್ಕೆ ಮಿರರ್ ಮಾಡಬಾರದು, ಚಿತ್ರದ ಅಂಚಿಗೇ ಕತ್ತರಿಸಿ ಹಚ್ಚಬೇಕು. ಮುಟ್ಟಿದರೆ ಸ್ಟಿಕರೇ. ಅದಕ್ಕಿಂತ ಬಿಳಿ ಟೆರಿಕಾಟ್ ತುಂಡಿನ ಮೇಲೆ ಪ್ರಿಂಟ್ ಹಾಕಿಸಿ, ಚೀಲದ ಜೇಬಿಗೆ ತೇಪೆ ಹಾಕಿದ ಹಾಗೆ ಹೊಲಿಯಿರಿ. ದಾರ ಕೆಂಪಿರಲಿ, ಡೆನಿಮ್ ಮೇಲೆ ಚೆನ್ನಾಗಿ ಕಾಣುತ್ತದೆ.